43 ಇಂಚಿನ 4ಕೆ ಟಿವಿ: ಪೆಟ್ಟಿಗೆಯ ಮೇಲಿನ ಅಂಕಿ, ಪರದೆಯ ಮೇಲಿನ ಚಿತ್ರ

ಈಗ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಗೋಡೆಯ ಮೇಲೆ ಸಾಲಾಗಿ ಕಾಣುವುದು 43 ಇಂಚಿನ 4ಕೆ ಟಿವಿಗಳು. ಈ ಅಳತೆಯಲ್ಲಿ ಫುಲ್ ಎಚ್‌ಡಿ ಹುಡುಕಿದರೆ ಅಗ್ಗದ ಒಂದೆರಡು ಮಾಡೆಲ್ ಸಿಕ್ಕೀತು, ಅಷ್ಟೇ. ಈ 4ಕೆ ಟಿವಿ ಕೊಳ್ಳಬಹುದೇ ಎಂದರೆ ಧಾರಾಳವಾಗಿ ಕೊಳ್ಳಬಹುದು. 4ಕೆ ಎಂಬ ಒಂದೇ ಕಾರಣಕ್ಕೆ ನಾಲ್ಕೈದು ಸಾವಿರ ಹೆಚ್ಚು ಕೊಡಬೇಕೇ ಎಂದರೆ ಬೇಡ. ಇಲ್ಲಿರುವುದು ಒಂದು ಕಂಪನಿಯ ಒಂದು ಮಾಡೆಲ್‌ನ ವಿಮರ್ಶೆಯಲ್ಲ. ಕೇಬಲ್ ಅಥವಾ ಡಿಶ್, ಜೊತೆಗೆ ನೆಟ್‌ಫ್ಲಿಕ್ಸ್‌ನಂಥ ಒಂದೆರಡು ಒಟಿಟಿ ಇರುವ ಮನೆಯ ಹಾಲ್‌ನಲ್ಲಿ ಈ ಬಗೆಯ ಟಿವಿ ನಿಜಕ್ಕೂ ಏನು ತೋರಿಸುತ್ತದೆ ಎಂಬುದರ ಲೆಕ್ಕ.

ಮೊದಲು ಅಂಕಿಗಳು. ಪರದೆ ಚಿಕ್ಕ ಚಿಕ್ಕ ಚುಕ್ಕೆಗಳ ಹೆಣಿಗೆ. ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್. 4ಕೆ ಟಿವಿಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು 82,94,400 ಚುಕ್ಕೆಗಳಿರುತ್ತವೆ. ಇದರ ಸರಿಯಾದ ಹೆಸರು ಅಲ್ಟ್ರಾ ಎಚ್‌ಡಿ. ಸಿನಿಮಾ ಥಿಯೇಟರಿನ ಅಸಲಿ 4ಕೆಯಲ್ಲಿ ಅಡ್ಡಕ್ಕೆ 4096 ಚುಕ್ಕೆ. ಟಿವಿ ಕಂಪನಿಗಳು ಆ ಹೆಸರನ್ನು ಎರವಲು ಪಡೆದವು, ಅದೇ ನಿಂತುಬಿಟ್ಟಿತು. ಫುಲ್ ಎಚ್‌ಡಿ ಎಂದರೆ 1920 x 1080, ಅಂದರೆ 4ಕೆಯ ಸರಿಯಾಗಿ ಕಾಲು ಭಾಗ. 1280 x 720 ಒಂಬತ್ತನೇ ಒಂದು ಭಾಗ. ನಮ್ಮ ಎಸ್‌ಡಿ, ಅಂದರೆ ಸ್ಟ್ಯಾಂಡರ್ಡ್ ಡೆಫಿನಿಷನ್ ಚಾನೆಲ್‌ಗಳು ಹೆಚ್ಚೆಂದರೆ 720 x 576. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ತಂದ ಪಾಲ್ ಎಂಬ ಪ್ರಸಾರ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಅಡ್ಡ ಗೆರೆಗಳಿದ್ದವು, ಚಿತ್ರ ಹೊತ್ತು ತರುತ್ತಿದ್ದದ್ದು ಅದರಲ್ಲಿ 576. ಪ್ರಸಾರ ಡಿಜಿಟಲ್ ಆದರೂ ಆ 576 ಹಾಗೇ ಉಳಿಯಿತು. ಗುಣಿಸಿ ನೋಡಿದರೆ 4,14,720 ಚುಕ್ಕೆ. 4ಕೆ ಪರದೆಗೆ ಬೇಕಾದದ್ದು ಇದರ ಸರಿಯಾಗಿ 20 ಪಟ್ಟು.

ಅಂದರೆ ಎಸ್‌ಡಿ ಸುದ್ದಿ ಚಾನೆಲ್ ಹಾಕಿದಾಗ ಬಂದ ಒಂದೊಂದು ಚುಕ್ಕೆಯಿಂದ ಟಿವಿ ಇಪ್ಪತ್ತು ಚುಕ್ಕೆ ಮಾಡಿಕೊಳ್ಳಬೇಕು. ಬಾಕಿ ಹತ್ತೊಂಬತ್ತು ಅದರದೇ ಊಹೆ. ಇದಕ್ಕೆ ಅಪ್‌ಸ್ಕೇಲಿಂಗ್ ಎನ್ನುತ್ತಾರೆ, ಪೆಟ್ಟಿಗೆಯ ಮೇಲೆ ಎಐ ಎಂದೂ ಬರೆದಿರುತ್ತಾರೆ. ಒಂದು ಲೋಟ ಮಜ್ಜಿಗೆಗೆ ಎಷ್ಟು ನೀರು ಬೆರೆಸಿದರೂ ಅದರಲ್ಲಿರುವ ಮೊಸರು ಅಷ್ಟೇ. ಒಳ್ಳೆಯ ಪ್ರೊಸೆಸರ್ ಅಂಚುಗಳನ್ನು ನಯ ಮಾಡುತ್ತದೆ, ಕೆಟ್ಟದ್ದು ಅಕ್ಷರಗಳ ಸುತ್ತ ಬಿಳಿ ಗೆರೆ ಎಳೆಯುತ್ತದೆ. ಇಲ್ಲದ ವಿವರವನ್ನು ಎರಡೂ ತರಲಾರವು. ಹಳೆಯ 21 ಇಂಚಿನ ಡಬ್ಬಾ ಟಿವಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಚಾನೆಲ್ ಹೊಸ ಟಿವಿಯಲ್ಲಿ ಮಸುಕಾಗಿ ಕಾಣುವುದಕ್ಕೆ ಟಿವಿಯ ದೋಷ ಕಾರಣವಲ್ಲ. ಅಲ್ಲಿ ಅಡಗಿದ್ದ ಕೊರತೆ ಇಲ್ಲಿ ಹಿಗ್ಗಿ ಕಣ್ಣಿಗೆ ಬೀಳುತ್ತಿದೆ, ಅಷ್ಟೇ. ಜೊತೆಗೆ ಕೇಬಲ್‌ನಲ್ಲೂ ಡಿಶ್‌ನಲ್ಲೂ ಒಂದೇ ದಾರಿಯಲ್ಲಿ ಹಲವಾರು ಚಾನೆಲ್‌ಗಳನ್ನು ತುರುಕುವುದರಿಂದ ಚಿತ್ರವನ್ನು ಹಿಂಡಿ ಕಳಿಸುತ್ತಾರೆ. ಜನ ಓಡುವಾಗ, ಮಳೆ ಸುರಿಯುವಾಗ, ಹಾಡಿನಲ್ಲಿ ಲೈಟು ಮಿನುಗುವಾಗ ಚೌಕ ಚೌಕವಾಗಿ ಒಡೆಯುವುದು ಆ ಹಿಂಡುವಿಕೆಯಿಂದ. ಗೆರೆಗಳ ಎಣಿಕೆಗೂ ಅದಕ್ಕೂ ಸಂಬಂಧವಿಲ್ಲ.

ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗಳಾದ ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಎಚ್‌ಡಿಯಲ್ಲೂ ಬರುತ್ತವೆ. ಸುದ್ದಿ ಚಾನೆಲ್‌ಗಳಲ್ಲಿ ಹೆಚ್ಚಿನವು ಎಸ್‌ಡಿ. 4ಕೆಯಲ್ಲಿ ಇಡೀ ದಿನ ಬರುವ ಕನ್ನಡ ಚಾನೆಲ್ ಒಂದೂ ಇಲ್ಲ. ಆದ್ದರಿಂದ ಸೀರಿಯಲ್ ನೋಡುವ ಮನೆಗೆ ನಿಜವಾದ ಏರಿಕೆ ಸಿಗುವುದು ಎಸ್‌ಡಿ ಪ್ಯಾಕ್‌ನಿಂದ ಎಚ್‌ಡಿ ಪ್ಯಾಕ್‌ಗೆ ಹೋದಾಗ. ಚುಕ್ಕೆಗಳು ಐದು ಪಟ್ಟಾಗುತ್ತವೆ, ವ್ಯತ್ಯಾಸ ಅಡುಗೆಮನೆಯಿಂದಲೂ ಗೊತ್ತಾಗುತ್ತದೆ. ಟಿವಿಗೆ ಮೂವತ್ತು ಸಾವಿರ ಸುರಿದು, ಬಾಕ್ಸ್ ಮಾತ್ರ ಹಳೆಯ ಎಸ್‌ಡಿಯದೇ ಇಟ್ಟುಕೊಂಡು, ನಾಲ್ಕು ಚಾನೆಲ್‌ನ ಎಚ್‌ಡಿ ದುಡ್ಡು ಉಳಿಸುವುದು ಉಲ್ಟಾ ಲೆಕ್ಕ.

ಎಚ್‌ಡಿ ಚಾನೆಲ್ ಬರುವುದು 1080ಐ ಎಂಬ ರೂಪದಲ್ಲಿ. ಒಟಿಟಿಯದು 1080ಪಿ. ಅಂಕಿ ಒಂದೇ ಆದರೂ ಬಾಲಕ್ಷರದಲ್ಲಿ ವ್ಯತ್ಯಾಸವಿದೆ. ಪಿ ಎಂದರೆ ಪ್ರತಿ ಸಲವೂ 1080 ಗೆರೆಗಳು ಪೂರ್ತಿ ಬರುತ್ತವೆ. ಐ ಎಂದರೆ ಒಮ್ಮೆ 1, 3, 5ನೇ ಗೆರೆಗಳು, ಮುಂದಿನ ಸಲ 2, 4, 6ನೇ ಗೆರೆಗಳು. ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ ಬರುತ್ತದೆ, ಒಂದೊಂದರಲ್ಲೂ 540 ಗೆರೆ. ಎರಡನ್ನೂ ಹೊಲಿದು ಒಂದು ಮಾಡುವ ಕೆಲಸ ಟಿವಿ ಅಥವಾ ಬಾಕ್ಸಿನದು. ಸ್ಟುಡಿಯೋದಲ್ಲಿ ಕೂತು ಮಾತಾಡುವವರಲ್ಲಿ ಹೊಲಿಗೆ ಕಾಣುವುದಿಲ್ಲ. ಕಬಡ್ಡಿ, ಕ್ರಿಕೆಟ್ ಬಂದಾಗ ಹೊಲಿಗೆ ತಪ್ಪಿದರೆ ಓಡುವವನ ಕೈಕಾಲಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಆಗ ಸೆಟ್‌ಟಾಪ್ ಬಾಕ್ಸಿನ ವಿಡಿಯೋ ಸೆಟ್ಟಿಂಗ್‌ಗೆ ಹೋಗಿ ಔಟ್‌ಪುಟ್ ಅನ್ನು 1080ಪಿ ಇಂದ 1080ಐಗೆ ಬದಲಿಸಿ ನೋಡಿ. ಹೊಲಿಯುವ ಕೆಲಸ ಟಿವಿಗೆ ಹೋಗುತ್ತದೆ. ಸಾಮಾನ್ಯವಾಗಿ ಬಾಕ್ಸಿನೊಳಗಿನ ಚಿಪ್‌ಗಿಂತ ಟಿವಿಯದು ಜಾಣ. ಅಗ್ಗದ ಟಿವಿಗಳಲ್ಲಿ ಒಮ್ಮೊಮ್ಮೆ ಇದು ತಿರುಗಾಮುರುಗಾ ಆಗುವುದೂ ಉಂಟು. ಎರಡನ್ನೂ ಹಾಕಿ, ಕ್ರಿಕೆಟ್ಟಿನಲ್ಲಿ ಬೌಲರ್ ಓಡಿ ಬರುವ ಹೊತ್ತಿಗೆ ನೋಡಿದರೆ ತೀರ್ಮಾನ ತಾನಾಗಿ ಆಗುತ್ತದೆ.

ಇನ್ನು ದೂರದ ಲೆಕ್ಕ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಹೇಳಿದರೆ 4ಕೆಯ ಮಾತು ಅಲ್ಲಿಗೇ ಮುಗಿಯುತ್ತದೆ. ಕಣ್ಣಿನ ಡಾಕ್ಟರ ಭಾಷೆಯಲ್ಲಿ 6/6 ಇರುವ ದೃಷ್ಟಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ವಿವರವನ್ನು ಬೇರ್ಪಡಿಸಿ ನೋಡಬಲ್ಲದು. 43 ಇಂಚಿನ ಪರದೆಯ ಎತ್ತರ ಸುಮಾರು 53.5 ಸೆಂಟಿಮೀಟರ್, ಅಗಲ 95. 4ಕೆಯಲ್ಲಿ ಒಂದು ಚುಕ್ಕೆ ಕಾಲು ಮಿಲಿಮೀಟರ್, ಫುಲ್ ಎಚ್‌ಡಿಯಲ್ಲಿ ಅರ್ಧ ಮಿಲಿಮೀಟರ್. ಎಂಟು ಅಡಿ ದೂರದಲ್ಲಿ ಆ ಕಣ್ಣಿಗೆ ಬೇರೆಯಾಗಿ ಕಾಣುವ ಅತಿ ಚಿಕ್ಕ ಅಳತೆ 0.71 ಮಿಲಿಮೀಟರ್. ಪರದೆಯ ಎತ್ತರವನ್ನು ಇದರಿಂದ ಭಾಗಿಸಿದರೆ ಸುಮಾರು 750 ಗೆರೆ. ಅಂದರೆ ದಿವಾನ್ ಗೋಡೆಗೆ ಒರಗಿಸಿಟ್ಟಿರುವ ನಮ್ಮ ಹಾಲ್‌ಗಳಲ್ಲಿ 43 ಇಂಚಿನ ಟಿವಿಯ 2160 ಗೆರೆಗಳಲ್ಲಿ ಕಣ್ಣಿಗೆ ದಕ್ಕುವುದು 720ಕ್ಕಿಂತ ತುಸು ಹೆಚ್ಚು! ಫುಲ್ ಎಚ್‌ಡಿಯ ವಿವರ ಪೂರ್ತಿ ಬೇಕಾದರೆ ಐದೂವರೆ ಅಡಿಗೆ ಬರಬೇಕು. 4ಕೆಯ ವಿವರ ಪೂರ್ತಿ ಬೇಕಾದರೆ ಮೂರು ಅಡಿಗಿಂತ ಹತ್ತಿರ, ಅಂದರೆ ಕಂಪ್ಯೂಟರ್ ಮುಂದೆ ಕೂತ ಹಾಗೆ. ಎಳೆಯ ಕಣ್ಣುಗಳಿಗೆ ಇದಕ್ಕಿಂತ ಸ್ವಲ್ಪ ಹೆಚ್ಚೇ ಕಾಣುತ್ತದೆ, ಅಕ್ಷರದ ಅಂಚಿನಂಥ ಕಡೆ ಇನ್ನೂ ಸ್ವಲ್ಪ. ಆದರೆ ಲೆಕ್ಕ ತಲೆಕೆಳಗಾಗುವಷ್ಟಲ್ಲ.

ಇದೇ ಲೆಕ್ಕವನ್ನು 55 ಇಂಚಿಗೆ ಹಾಕಿದರೆ ಫುಲ್ ಎಚ್‌ಡಿಯ ಗಡಿ ಏಳು ಅಡಿ. ಅದಕ್ಕಿಂತ ಹತ್ತಿರ ಕೂತರೆ 4ಕೆಯ ಲಾಭ ನಿಧಾನಕ್ಕೆ ಶುರುವಾಗುತ್ತದೆ. 65 ಇಂಚಿಗೆ ಎಂಟೂವರೆ ಅಡಿ. ಎಂಟು ಅಡಿಯ ಹಾಲ್‌ನಲ್ಲಿ 4ಕೆಗೆ ಅರ್ಥ ಬರುವುದು 65 ಇಂಚಿನ ಆಸುಪಾಸಿನಲ್ಲೇ. 8ಕೆಯ ಮಾತು ಈ ಅಳತೆಗಳಲ್ಲಿ ಎತ್ತುವುದೇ ಬೇಡ.

ಚಿಕ್ಕ ಟಿವಿಗಳ ಕಡೆ ಒಂದು ನೋಟ. 32 ಇಂಚಿನಲ್ಲಿ ಎಚ್‌ಡಿ ರೆಡಿ ಎಂದು ಮಾರುವ ಪ್ಯಾನೆಲ್ ಸಾಮಾನ್ಯವಾಗಿ 1366 x 768. ಯಾವ ಪ್ರಸಾರವೂ ಈ ಅಳತೆಯಲ್ಲಿ ಇಲ್ಲ. 576 ಬಂದರೂ 720 ಬಂದರೂ ಎಳೆದು ದೊಡ್ಡದು ಮಾಡಬೇಕು, 1080 ಬಂದರೆ ಅದುಮಿ ಚಿಕ್ಕದು ಮಾಡಬೇಕು. ಏನು ಹಾಕಿದರೂ ಚುಕ್ಕೆಗೆ ಚುಕ್ಕೆ ಕೂರುವುದಿಲ್ಲ. ಆದರೂ ಆರು ಅಡಿ ದೂರದಿಂದ ಸೀರಿಯಲ್ ನೋಡಲು ಅದು ಸಾಕು. ಲ್ಯಾಪ್‌ಟಾಪ್ ಜೋಡಿಸಿ ಮಕ್ಕಳ ಆನ್‌ಲೈನ್ ಪಾಠ ಓದಿಸುವವರು ಮಾತ್ರ 32ರಲ್ಲೂ ಫುಲ್ ಎಚ್‌ಡಿ ಹುಡುಕಿ. ಇಲ್ಲದಿದ್ದರೆ ಸಣ್ಣ ಅಕ್ಷರಗಳು ಅಂಚು ಕಳೆದುಕೊಂಡು ಓದುವುದೇ ಕಷ್ಟವಾಗುತ್ತದೆ.

ಹಾಗಾದರೆ 43 ಇಂಚಿನ 4ಕೆ ಟಿವಿಯ ಮುಂದೆ ಕೂತವರು ದೂರುವುದು ಯಾಕೆ? ಬಹಳಷ್ಟು ಸಲ ತಪ್ಪು ಟಿವಿಯ ಹಿಂಭಾಗದಲ್ಲಿರುತ್ತದೆ. ಎಚ್‌ಡಿ ಬಾಕ್ಸ್, ಎಚ್‌ಡಿ ಪ್ಯಾಕ್ ಎಲ್ಲ ಇದ್ದು, ಜೋಡಿಸಿದ್ದು ಮಾತ್ರ ಹಳದಿ-ಕೆಂಪು-ಬಿಳಿ ಪಿನ್ನಿನ ಎವಿ ವೈರ್‌ನಲ್ಲಿ. ಆ ಹಳದಿ ಪಿನ್ ಎಸ್‌ಡಿಗಿಂತ ಮೇಲೆ ಹೋಗಲಾರದು. ಅದರಲ್ಲಿ ಬಣ್ಣವೂ ಬೆಳಕೂ ಒಂದೇ ತಂತಿಯಲ್ಲಿ ಬರುವುದರಿಂದ ಪಟ್ಟೆ ಸೀರೆ, ಗೆರೆ ಷರಟಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಿದಾಡುತ್ತದೆ. ಕೆಂಪು ಅಕ್ಷರಗಳ ಅಂಚಿನಲ್ಲಿ ಇರುವೆ ಸಾಲಿನಂತೆ ಚುಕ್ಕೆಗಳು ಓಡುತ್ತವೆ. ಎಚ್‌ಡಿಎಂಐ ವೈರ್ ಹಾಕಿ, ಬಾಕ್ಸ್ ಮೆನುವಿನಲ್ಲಿ ಔಟ್‌ಪುಟ್ 576ರಲ್ಲೇ ನಿಂತಿದೆಯೋ ನೋಡಿ ಬದಲಿಸಿ.

ಎರಡನೆಯದು ಓವರ್‌ಸ್ಕ್ಯಾನ್. ಡಬ್ಬಾ ಟಿವಿ ಕಾಲದಲ್ಲಿ ಚಿತ್ರದ ಅಂಚು ಒರಟಾಗಿರುತ್ತಿತ್ತು, ಅದನ್ನು ಮರೆಮಾಡಲು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. ಆ ಚಾಳಿ ಹೊಸ ಟಿವಿಗಳಲ್ಲೂ ಉಳಿದಿದೆ. ಸುದ್ದಿ ಚಾನೆಲ್‌ನ ಕೆಳಗೆ ಓಡುವ ಅಕ್ಷರಗಳ ಬುಡ ಕತ್ತರಿಸಿದ್ದರೆ, ಮೂಲೆಯ ಲೋಗೋ ಅಂಚಿಗೆ ತಾಗಿಕೊಂಡಿದ್ದರೆ ಅದೇ ಕಾರಣ. ನೂರಕ್ಕೆ ಐದು ಭಾಗ ಹಿಗ್ಗಿದರೂ ಸಾಕು, ಫುಲ್ ಎಚ್‌ಡಿ ಚಿತ್ರ ಚುಕ್ಕೆಗೆ ಚುಕ್ಕೆ ಕೂರುವುದು ತಪ್ಪಿ ಎಲ್ಲವೂ ಒಂದು ಎಳೆ ಮಂಕಾಗುತ್ತದೆ. ಚಿತ್ರದ ಅಳತೆಯ ಸೆಟ್ಟಿಂಗ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಒರಿಜಿನಲ್, ಡಾಟ್ ಬೈ ಡಾಟ್ ಎಂದು ಏನಾದರೂ ಒಂದು ಹೆಸರಿರುತ್ತದೆ, ಅದನ್ನು ಆರಿಸಿ. ಅಲ್ಲೇ ಇನ್ನೊಂದು ನೋಡಿಕೊಳ್ಳಿ: ಹಳೆಯ ಕಪ್ಪು-ಬಿಳುಪು ಸಿನಿಮಾಗಳು 4:3ರ ಆಸುಪಾಸಿನ ಚೌಕಟ್ಟಿನವು. ಪರದೆ ತುಂಬಲಿ ಎಂದು ಎಳೆದರೆ ರಾಜ್‌ಕುಮಾರ್ ಮುಖವೂ ಇಡ್ಲಿಯಂತೆ ಅಗಲವಾಗುತ್ತದೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ, ಟಿವಿಗೇನೂ ಆಗುವುದಿಲ್ಲ.

ಮೂರನೆಯದು ಶಾರ್ಪ್‌ನೆಸ್. ಹೆಸರು ಕೇಳಿ ಏರಿಸುತ್ತಾರೆ. ಅದು ವಿವರ ತರುವುದಿಲ್ಲ, ಅಂಚಿಗೆ ಕಾಡಿಗೆ ಹಚ್ಚುತ್ತದೆ. ಎಸ್‌ಡಿ ಚಾನೆಲ್‌ನಲ್ಲಿ ಹಿಂಡಿದ ಚಿತ್ರದ ಚೌಕಗಳೂ ಎದ್ದು ಕಾಣುತ್ತವೆ. ಹಲವು ಟಿವಿಗಳಲ್ಲಿ ಸೊನ್ನೆ ಅಥವಾ ಅದರ ಆಸುಪಾಸು ಸರಿ. ಸೋನಿಯಲ್ಲಿ ಸಮಸ್ಥಿತಿ ಇರುವುದು 50ರಲ್ಲಿ, ಅಲ್ಲಿ ಸೊನ್ನೆಗಿಳಿಸಿದರೆ ಮಸುಕಾಗುತ್ತದೆ.

ಈ ಟಿವಿಗೆ ನಿಜವಾದ 4ಕೆ ಹರಿದು ಬರುವುದು ಮುಖ್ಯವಾಗಿ ಇಂಟರ್ನೆಟ್ಟಿನಿಂದ. ಅಲ್ಲೂ ಬಾಗಿಲುಗಳು ಹಲವು. ಮೊದಲನೆಯದು ಪ್ಲಾನ್: ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಇರುವುದು ಪ್ರೀಮಿಯಂ ಪ್ಲಾನ್‌ನಲ್ಲಿ ಮಾತ್ರ, ಉಳಿದ ಪ್ಲಾನ್‌ಗಳಲ್ಲಿ ಪರದೆ ಎಷ್ಟೇ ದೊಡ್ಡದಿದ್ದರೂ ಇಲ್ಲ. ಎರಡನೆಯದು ವೇಗ: ಅವರೇ ಹೇಳುವ ಪ್ರಕಾರ 4ಕೆಗೆ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. 4ಕೆಯಲ್ಲಿ ಗಂಟೆಗೆ ಸುಮಾರು 7 ಜಿಬಿ ಡೇಟಾ ಖರ್ಚು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರು ಇದನ್ನು ನೆನಪಿಡಬೇಕು. ಅಪಾರ್ಟ್‌ಮೆಂಟ್‌ಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ಸಂತೆಯಂತಿರುತ್ತದೆ. 5 ಗಿಗಾಹರ್ಟ್ಸ್‌ಗೆ ಸೇರಿಸಿ ಅಥವಾ ಲ್ಯಾನ್ ವೈರ್ ಎಳೆಯಿರಿ. ಟಿವಿಯ ಲ್ಯಾನ್ ಕಿಂಡಿ 100 ಎಂಬಿಪಿಎಸ್‌ನದಾಗಿದ್ದರೂ ಚಿಂತೆಯಿಲ್ಲ. ಮೂರನೆಯದು ಬೀಗ: ನಕಲು ತಡೆಯುವ ವೈಡ್‌ವೈನ್ ಎಂಬ ರಕ್ಷಣೆಯ ಎಲ್1 ದರ್ಜೆ ಇಲ್ಲದ, ಎಲ್3 ಮಾತ್ರ ಇರುವ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಒಟಿಟಿ ಆ್ಯಪ್‌ಗಳು ಎಸ್‌ಡಿಗೇ ನಿಂತುಬಿಡುತ್ತವೆ. ಪೆಟ್ಟಿಗೆಯ ಮೇಲೆ 4ಕೆ ಎಂದೇ ಬರೆದಿರುತ್ತದೆ. ಸುಳ್ಳೂ ಅಲ್ಲ, ಪೆನ್‌ಡ್ರೈವ್‌ನಿಂದ ಹಾಕಿದ 4ಕೆ ಫೈಲನ್ನು ಅದು ಓಡಿಸುತ್ತದೆ. ಯೂಟ್ಯೂಬ್‌ಗೆ ಬೇರೆಯೇ ಬಾಗಿಲು: ಅದು 4ಕೆ ಕಳಿಸುವುದು ವಿಪಿ9 ಅಥವಾ ಎವಿ1 ಎಂಬ, ವಿಡಿಯೋ ಹಿಂಡುವ ರೂಪದಲ್ಲಿ. ಇವೆರಡೂ ಬಾರದ ಹಳೆಯ ಟಿವಿಗೆ 1080ರ ಮೇಲೆ ಸಿಗುವುದಿಲ್ಲ.

ಏನು ಬರುತ್ತಿದೆ ಎಂದು ಊಹಿಸುತ್ತ ಕೂರಬೇಕಿಲ್ಲ. ಯೂಟ್ಯೂಬ್‌ನಲ್ಲಿ ವಿಡಿಯೋ ಓಡುವಾಗ ಸೆಟ್ಟಿಂಗ್ಸ್ ಚಕ್ರ ಒತ್ತಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಆರಿಸಿದರೆ 3840x2160 ಬರುತ್ತಿದೆಯೋ 1920x1080 ಬರುತ್ತಿದೆಯೋ ಮೂಲೆಯಲ್ಲಿ ಬರೆದೇ ತೋರಿಸುತ್ತದೆ. ಮೆನುವಿನ ಅಕ್ಷರ ನೋಡಿ ಪರದೆಯನ್ನು ಅಳೆಯಬೇಡಿ. ಆಂಡ್ರಾಯ್ಡ್ ಟಿವಿಗಳಲ್ಲಿ ಹೆಚ್ಚಿನವು ಮೆನುವನ್ನು 1080ರಲ್ಲಿ ಬಿಡಿಸಿ ಹಿಗ್ಗಿಸುತ್ತವೆ, ವಿಡಿಯೋ ಮಾತ್ರ ಪೂರ್ತಿ 4ಕೆಯಲ್ಲಿ ಹಾಯುತ್ತದೆ.

ಲ್ಯಾಪ್‌ಟಾಪ್ ಅಥವಾ ಗೇಮ್ ಕನ್ಸೋಲ್ ಜೋಡಿಸುವವರು ಎಚ್‌ಡಿಎಂಐ ಕಿಂಡಿಯ ದರ್ಜೆ ನೋಡಬೇಕು. 1.4 ಆದರೆ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರ, ಮೌಸ್ ಬಾಣವೇ ತಡವರಿಸುತ್ತದೆ. 2.0 ಆದರೆ 60, ಅದರ ಸಾಮರ್ಥ್ಯ 18 ಜಿಬಿಪಿಎಸ್. 2.1ರಲ್ಲಿ 48 ಜಿಬಿಪಿಎಸ್‌ವರೆಗೆ, ಸೆಕೆಂಡಿಗೆ 120 ಚಿತ್ರ. ಕಿಂಡಿ 2.0 ಇದ್ದರೂ ಕಾರ್ಖಾನೆಯಿಂದ ಬರುವಾಗ ಹಳೆಯ ವೇಗಕ್ಕೇ ಇಟ್ಟಿರುವ ಟಿವಿಗಳುಂಟು. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಎಚ್‌ಡಿಎಂಐ ಡೀಪ್ ಕಲರ್, ಸೋನಿಯಲ್ಲಿ ಎನ್‌ಹಾನ್ಸ್‌ಡ್ ಫಾರ್ಮ್ಯಾಟ್ ಎಂಬ ಹೆಸರಿನ ಸೆಟ್ಟಿಂಗ್ ಹಚ್ಚಬೇಕು. ಅಕ್ಷರದ ಅಂಚಿನಲ್ಲಿ ಕೆಂಪು-ನೀಲಿ ಮಬ್ಬು ಕಂಡರೆ ಆ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಿಸಿ. ಇಲ್ಲದಿದ್ದರೆ ಬಣ್ಣದ ಮಾಹಿತಿಯನ್ನು ಟಿವಿ ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಸಿಕೊಳ್ಳುತ್ತದೆ. ವೈರ್‌ಗೆ ಚಿನ್ನದ ಲೇಪ ಬೇಕಿಲ್ಲ. ಎರಡು ಮೀಟರ್ ಒಳಗಿನ, ಪ್ರೀಮಿಯಂ ಹೈಸ್ಪೀಡ್ ಚೀಟಿ ಇರುವ ಸಾಧಾರಣ ವೈರ್ 4ಕೆ 60ಕ್ಕೆ ಸಾಕು. ಐದು ಮೀಟರ್ ದಾಟಿದರೆ ಮಿಂಚಿನಂತೆ ಬಿಳಿ ಚುಕ್ಕೆ, ಒಮ್ಮೊಮ್ಮೆ ಪರದೆ ಕಪ್ಪಾಗಿ ಮರಳುವುದು ಶುರುವಾಗಬಹುದು.

ಉಳಿಸಿದ ನಾಲ್ಕೈದು ಸಾವಿರ ಎಲ್ಲಿ ಹಾಕಬೇಕು? ಬೆಳಕಿಗೆ ಮತ್ತು ಕಪ್ಪಿಗೆ. ಎಂಟು ಅಡಿ ದೂರದಿಂದ ಕಣ್ಣು ಮೊದಲು ಹಿಡಿಯುವುದು ಇವನ್ನೇ. ಪರದೆಯ ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಅಗ್ಗದ 43ರ ಬೆಳಕು 250ರಿಂದ 300 ನಿಟ್ಸ್‌ನ ಆಸುಪಾಸು. ಬೆಳಕು-ಕತ್ತಲಿನ ಅಂತರವನ್ನು ಹೆಚ್ಚಾಗಿ ತೋರಿಸುವ ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್‌ನ ಪರದೆಯ ಮೇಲೆ ಬಣ್ಣ ಹೊಂದಿಸಿ ತಯಾರಿಸುತ್ತಾರೆ. ಮೂರು ಪಾವಿನ ಪಾತ್ರೆಗೆ ಹತ್ತು ಪಾವು ಅಕ್ಕಿ ಸುರಿದ ಹಾಗೆ. ಟಿವಿ ಎಲ್ಲವನ್ನೂ ಅದುಮಿ ಕೂರಿಸುವಾಗ ರಾತ್ರಿಯ ದೃಶ್ಯ ಕಾಡಿಗೆಯಾಗುತ್ತದೆ. ಇಂಥ ಟಿವಿಯಲ್ಲಿ ಎಚ್‌ಡಿಆರ್ ಚೀಟಿಗೆ ದುಡ್ಡು ಕೊಡಬಾರದು. ಪ್ಯಾನೆಲ್‌ನಲ್ಲೂ ಎರಡು ಜಾತಿ. ವಿಎ ಪ್ಯಾನೆಲ್‌ನ ಕಪ್ಪು ಚೆನ್ನ, ಕಾಂಟ್ರಾಸ್ಟ್ (ಬಿಳುಪು ಕಪ್ಪಿಗಿಂತ ಎಷ್ಟು ಪಟ್ಟು ಬೆಳಕು) 3000ಕ್ಕೆ 1 ಅಥವಾ ಹೆಚ್ಚು, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದಂತಾಗುತ್ತದೆ. ಐಪಿಎಸ್‌ನಲ್ಲಿ ಕಪ್ಪು ಬೂದಿ ಬಣ್ಣ, ಕಾಂಟ್ರಾಸ್ಟ್ 1000ದ ಆಸುಪಾಸು, ಆದರೆ ನೆಲದ ಮೇಲೆ, ಬಾಗಿಲ ಬಳಿ, ಮೂಲೆಯ ಕುರ್ಚಿಯಲ್ಲಿ ಕೂತವರಿಗೂ ಒಂದೇ ಬಣ್ಣ. ಹತ್ತು ಜನ ಸೇರಿ ನೋಡುವ ಮನೆಗೆ ಐಪಿಎಸ್, ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಇಬ್ಬರಿಗೆ ವಿಎ.

ಅಂಗಡಿಗೆ ಹೋಗುವಾಗ ಬೆಲೆಯ ಬಗ್ಗೆ ಒಂದು ಮಾತು: 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28 ಇದ್ದದ್ದು 18ಕ್ಕೆ ಇಳಿದಿದೆ. ಅದಕ್ಕಿಂತ ಹಿಂದಿನ ಬೆಲೆ ಚೀಟಿಯನ್ನು ತೋರಿಸಿ ಕೊಡುವ ಡಿಸ್ಕೌಂಟನ್ನು ಡಿಸ್ಕೌಂಟ್ ಎಂದು ಎಣಿಸಬೇಡಿ. ಶೋರೂಮಿನಲ್ಲಿ ಓಡುವ ಗಿಳಿ, ಹಣ್ಣು, ಜಲಪಾತದ ಡೆಮೊ ನೋಡಿ ಏನೂ ತಿಳಿಯದು. ಅದು 4ಕೆಯಲ್ಲೇ ತೆಗೆದದ್ದು, ವಿವಿಡ್ ಮೋಡ್‌ನಲ್ಲಿ ಓಡುತ್ತಿರುವುದು, ನೀವು ಎರಡು ಅಡಿಯಲ್ಲಿ ನಿಂತು ನೋಡುತ್ತಿರುವುದು. ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಮೋಡ್‌ಗೆ ಬದಲಿಸಿ, ಒಂದು ಎಸ್‌ಡಿ ಸುದ್ದಿ ಚಾನೆಲ್ ಹಾಕಲು ಹೇಳಿ, ಮನೆಯಲ್ಲಿ ಕೂರುವಷ್ಟೇ ದೂರ ಹಿಂದೆ ಹೋಗಿ ನೋಡಿ. ಎರಡು ಟಿವಿಗಳ ಅಪ್‌ಸ್ಕೇಲಿಂಗ್ ವ್ಯತ್ಯಾಸ ಅಲ್ಲಿ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ದೊಡ್ಡ ಗುಂಡಿ ಎಂದರೆ ಸಪೋರ್ಟ್ ಎಂಬ ಪದ. ಹೆಸರೇ ಕೇಳದ ಬ್ರ್ಯಾಂಡುಗಳ ಟಿವಿ, ಪ್ರೊಜೆಕ್ಟರ್‌ಗಳಲ್ಲಿ 4ಕೆ ಸಪೋರ್ಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದರರ್ಥ 4ಕೆ ಫೈಲ್ ಕೊಟ್ಟರೆ ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ, ತೋರಿಸುವ ಚುಕ್ಕೆಗಳು 1366 x 768 ಇರಬಹುದು. ನೇಟಿವ್ ರೆಸಲ್ಯೂಷನ್ ಅಥವಾ ಪ್ಯಾನೆಲ್ ರೆಸಲ್ಯೂಷನ್ ಎಂಬ ಸಾಲಿನಲ್ಲಿ 3840 x 2160 ಇದ್ದರೆ ಮಾತ್ರ ನಂಬಿ. ಆ ಸಾಲೇ ಇಲ್ಲದಿದ್ದರೆ ಮುಂದೆ ಹೋಗಿ.

ಟಿವಿ ಗೋಡೆಗೆ ಏರುವ ಮೊದಲೇ, ಟಿವಿ ಜೋಡಿಸಲು ಬಂದ ಹುಡುಗರು ಡ್ರಿಲ್ ತೆಗೆಯುವುದಕ್ಕೂ ಮೊದಲು, ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿಸಿ. ಲ್ಯಾಪ್‌ಟಾಪನ್ನು ಎಚ್‌ಡಿಎಂಐಗೆ ಜೋಡಿಸಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 3840 x 2160, 60 ಹರ್ಟ್ಸ್, ಸ್ಕೇಲ್ 100 ಆರಿಸಿ. ಒಂದು ಗೆರೆ ಕಪ್ಪು, ಒಂದು ಗೆರೆ ಬಿಳುಪು ಇರುವ 3840 x 2160ರ ಚಿತ್ರವನ್ನು ಪೂರ್ತಿ ಪರದೆಗೆ ಹಾಕಿ, ಒಂದಡಿ ಹತ್ತಿರ ಹೋಗಿ ನೋಡಿ. ಗೆರೆಗಳು ಬಿಡಿಬಿಡಿಯಾಗಿ ಕಂಡರೆ ಪ್ಯಾನೆಲ್ ಅಸಲಿ, ಓವರ್‌ಸ್ಕ್ಯಾನೂ ಇಲ್ಲ. ಅಲೆಅಲೆಯಾಗಿ ಬೂದು ಪಟ್ಟಿ ಎದ್ದರೆ ಚಿತ್ರದ ಅಳತೆಯ ಸೆಟ್ಟಿಂಗ್ ಸರಿಪಡಿಸಿ ಇನ್ನೊಮ್ಮೆ ನೋಡಿ. ಆಮೇಲೆ ಪೂರ್ತಿ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಹಾಕಿ ಸತ್ತ ಚುಕ್ಕೆ ಹುಡುಕಿ. ಕಪ್ಪಿನಲ್ಲಿ ಕೋಣೆಯ ದೀಪ ಆರಿಸಿದರೆ ಮೂಲೆಗಳಿಂದ ಬೆಳಕು ಸೋರುವುದೂ ಕಾಣುತ್ತದೆ. ದೋಷ ಕಂಡರೆ ಹುಡುಗರು ಇರುವಾಗಲೇ ಫೋಟೋ ತೆಗೆದು ಇನ್‌ಸ್ಟಲೇಷನ್ ಚೀಟಿಯಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.